ಕರಿಕೋಟು ಹಾಕುವ ಮೊದಲು: ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಾನೂನು ಓದುವ ಮಕ್ಕಳದ್ದೇ. ಹುಬ್ಬಳ್ಳಿ ನವನಗರದ ಕಾನೂನು ವಿಶ್ವವಿದ್ಯಾಲಯದ ಕೊನೆಯ ಸೆಮಿಸ್ಟರ್ ಬರೆದವರು, ಬರೆಯಲಿರುವವರು. ನಾನು ಧಾರವಾಡದಲ್ಲಿ ವಕೀಲಿಕೆ ಮಾಡುತ್ತೇನೆ. ಜೂನಿಯರ್ ಆಗಿ ಬರುವ ಮಕ್ಕಳು ಸೆಕ್ಷನ್ ಗೊತ್ತಿಲ್ಲ ಅಂತ ಅಷ್ಟು ಕಷ್ಟಪಡುವುದನ್ನು ನಾನು ನೋಡಿಲ್ಲ. ಒಂದು ಕಾಗದ ಇಲ್ಲ, ಒಂದು ತಾರೀಖು ತಪ್ಪಿತು ಅಂತ ಆರಾರು ತಿಂಗಳು ಮನೆಯಲ್ಲಿ ಕೂತವರನ್ನು ಮಾತ್ರ ಬಹಳ ನೋಡಿದ್ದೇನೆ. ಅದಕ್ಕೇ ಈ ಸಂಚಿಕೆ ಪೂರ್ತಿ ಅವರಿಗೆ.

ಪ್ರಶ್ನೆ: ಅಕ್ಕಾವ್ರೇ, ನನ್ನ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಪೂರ್ತಿ ಇವೆ. ಆಧಾರ್‌ನಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ಮಾತ್ರ ಇದೆ. ಎಲ್‌ಎಲ್‌ಬಿಯ ಒಂದು ಮಾರ್ಕ್ಸ್ ಕಾರ್ಡಿನಲ್ಲಿ ಅಡ್ಡಹೆಸರಿನ ಒಂದು ಅಕ್ಷರ ತಪ್ಪಿದೆ. ಸನದು (ವಕೀಲಿಕೆ ಮಾಡಲು ರಾಜ್ಯ ವಕೀಲರ ಪರಿಷತ್ತು ಕೊಡುವ ಪತ್ರ) ತಗೊಳ್ಳುವಾಗ ತೊಂದರೆ ಆಗುತ್ತಾ?
(ಹೆಸರು ಬೇಡ ಎಂದವರು, ಗದಗ)

ಉತ್ತರ: ಆಗುತ್ತೆ ತಂಗಿ. ಆದರೆ ಈಗಲೇ ಕೇಳಿದ್ದೀರಿ, ಒಳ್ಳೆಯದಾಯಿತು, ಸರಿ ಮಾಡಿಕೊಳ್ಳೋಕೆ ಇನ್ನೂ ಟೈಮಿದೆ.

ನಮ್ಮ ಕಡೆ ಇದು ಮನೆಮನೆಯ ಕಥೆ. ಅಡ್ಡಹೆಸರು ಕನ್ನಡದಲ್ಲಿ ಒಂದೇ ಥರ ಇರುತ್ತದೆ, ಇಂಗ್ಲಿಷಿನಲ್ಲಿ ಬರೆಯುವಾಗ ಶಾಲೆಯ ಮಾಸ್ತರು ಒಂದು ರೀತಿ, ಕಾಲೇಜಿನ ಗುಮಾಸ್ತರು ಇನ್ನೊಂದು ರೀತಿ ಬರೆದಿರುತ್ತಾರೆ. ನನ್ನ ಅಡ್ಡಹೆಸರಿನ ಕೊನೆಗೆ ‘ಮಠ’ ಇದೆ. ಇಂಗ್ಲಿಷಿನಲ್ಲಿ ‘ಟಿ’ ಆದ ಮೇಲೆ ಒಂದು ‘ಹೆಚ್’ ಬರಬೇಕು. ಆರು ಸೆಮಿಸ್ಟರಿನ ಆರು ಕಾರ್ಡಿನಲ್ಲಿ ಐದು ಸರಿ ಇದ್ದವು, ನಾಲ್ಕನೆಯದರಲ್ಲಿ ಆ ‘ಹೆಚ್’ ಇರಲಿಲ್ಲ. ಅದು ನನಗೆ ಕಂಡಿದ್ದು ಸನದಿಗಾಗಿ ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ, ಪಡಸಾಲೆಯಲ್ಲಿ ಚಾಪೆ ಮೇಲೆ ಕಾಗದ ಎಲ್ಲಾ ಹರಡಿಕೊಂಡು ಜೋಡಿಸುವಾಗ. ಒಂದು ವರ್ಷದ ಮೇಲಾಗಿತ್ತು ಆ ಕಾರ್ಡು ಕೈಗೆ ಬಂದು. ಅಂಕ ಹತ್ತು ಸಲ ನೋಡಿದ್ದೆ, ಹೆಸರು ಒಂದು ಸಲವೂ ನೋಡಿರಲಿಲ್ಲ. ಟಿಕೆಟ್ ರದ್ದು ಮಾಡಿದೆ. ಜೊತೆಗೆ ಓದಿದವರು ಸನದು ತಗೊಂಡು ಕೋರ್ಟಿಗೆ ಹೋಗತೊಡಗಿದರು, ನಾನು ಒಂದು ಅಕ್ಷರಕ್ಕಾಗಿ ನಾಲ್ಕು ತಿಂಗಳು ಓಡಾಡಿದೆ. ಆ ಸಂಕಟ ಇವತ್ತಿಗೂ ನೆನಪಿದೆ.

ನೀವು ಹೀಗೆ ಮಾಡಿ. ಎಸ್ಸೆಸ್ಸೆಲ್ಸಿ ಕಾರ್ಡನ್ನೇ ಮೂಲ ಅಂತ ಇಟ್ಟುಕೊಳ್ಳಿ, ಮಿಕ್ಕ ಎಲ್ಲವೂ ಅದಕ್ಕೆ ಹೊಂದಬೇಕು. ಎಲ್‌ಎಲ್‌ಬಿ ಕಾರ್ಡಿನ ತಪ್ಪನ್ನು ಕಾಲೇಜಿನ ಮೂಲಕವೇ ಅರ್ಜಿ ಕೊಟ್ಟು ತಿದ್ದಿಸಿ, ಎಸ್ಸೆಸ್ಸೆಲ್ಸಿಯ ಪ್ರತಿ ಲಗತ್ತಿಸಿ, ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ಬರೆಸಿಕೊಳ್ಳಿ. ಪ್ರೊವಿಷನಲ್ ಡಿಗ್ರಿ ಸರ್ಟಿಫಿಕೇಟ್ ಅಚ್ಚಾಗುವ ಮೊದಲೇ ಇದು ಮುಗಿಯಬೇಕು, ಯಾಕೆಂದರೆ ತಪ್ಪು ಅಲ್ಲಿಗೂ ಹೋದರೆ ಎರಡೆರಡು ಕಡೆ ತಿದ್ದಿಸಬೇಕಾಗುತ್ತದೆ. ಆಧಾರ್ ತಿದ್ದುವುದು ಇವೆಲ್ಲಕ್ಕಿಂತ ಸುಲಭ, ಅದನ್ನ ಈ ವಾರವೇ ಮುಗಿಸಿ. ಎರಡೂ ಹೆಸರು ಒಬ್ಬರದ್ದೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸುವ ದಾರಿ ಇದೆ. ಆದರೆ ಅದು ಬೇರೆ ಏನೂ ಆಗದಿದ್ದಾಗ. ಮೊದಲೇ ಅದಕ್ಕೆ ಜೋತು ಬೀಳಬೇಡಿ.

ಮದುವೆಯಾದ ಹುಡುಗಿಯರಿಗೆ ಒಂದು ಮಾತು. ಕೊನೆಯ ವರ್ಷದಲ್ಲಿ ಆಧಾರ್‌ನಲ್ಲಿ ಗಂಡನ ಮನೆ ಹೆಸರು ಸೇರಿಸುವ ಅವಸರ ಬೇಡ. ಓದಿದ ಕಾಗದದಲ್ಲಿ ಯಾವ ಹೆಸರಿದೆಯೋ ಅದರಲ್ಲೇ ಸನದು ತಗೊಳ್ಳಿ. ಆ ಹೆಸರು ನಿಮ್ಮದು, ಅದನ್ನು ಬಿಡಬೇಕು ಅಂತ ಯಾವ ಕಾನೂನೂ ಹೇಳಿಲ್ಲ.

ಒಂದು ಭಾನುವಾರ ಮನೆಯವರೊಬ್ಬರನ್ನ ಜೊತೆಗೆ ಕೂರಿಸಿಕೊಳ್ಳಿ. ಅವರು ಎಸ್ಸೆಸ್ಸೆಲ್ಸಿ ಕಾರ್ಡು ಹಿಡಿದು ಒಂದೊಂದೇ ಅಕ್ಷರ ಜೋರಾಗಿ ಓದಲಿ, ನೀವು ಉಳಿದ ಕಾಗದಗಳ ಮೇಲೆ ಬೆರಳಿಟ್ಟು ನೋಡುತ್ತಾ ಹೋಗಿ. ಅಪ್ಪನ ಹೆಸರು, ಅಮ್ಮನ ಹೆಸರು, ಹುಟ್ಟಿದ ತಾರೀಖು ಕೂಡ. ಒಬ್ಬರೇ ಓದಿದರೆ ಕಣ್ಣು ತಪ್ಪನ್ನೂ ಸರಿ ಅಂತಲೇ ಓದಿಬಿಡುತ್ತದೆ.

ಪ್ರಶ್ನೆ: ಮೇಡಂ, ಸನದಿಗೆ ಇಪ್ಪತ್ತು ಸಾವಿರ ಬೇಕು, ಕೊಟ್ಟರೆ ನಾವೇ ಎಲ್ಲಾ ಮಾಡಿಸಿ ಕೊಡ್ತೀವಿ ಅಂತ ಪರಿಚಯದವರೊಬ್ಬರು ಹೇಳ್ತಿದ್ದಾರೆ. ಅಪ್ಪ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಹಮಾಲಿ ಮಾಡ್ತಾರೆ. ನಿಜವಾಗಲೂ ಅಷ್ಟು ಬೇಕಾ?
(ಓದುಗ, ಬ್ಯಾಡಗಿ)

ಉತ್ತರ: ಬೇಡ ತಮ್ಮಾ. ಒಂದು ರೂಪಾಯಿಯನ್ನೂ ಅವರ ಕೈಗೆ ಕೊಡಬೇಡಿ.

1961ರ ವಕೀಲರ ಕಾಯ್ದೆಯ 24ನೇ ಸೆಕ್ಷನ್ನಿನಲ್ಲಿ ಶುಲ್ಕ ಎಷ್ಟು ಅಂತ ಬರೆದಿಟ್ಟಿದ್ದಾರೆ. ರಾಜ್ಯ ವಕೀಲರ ಪರಿಷತ್ತಿಗೆ 600, ಭಾರತೀಯ ವಕೀಲರ ಪರಿಷತ್ತಿಗೆ 150, ಒಟ್ಟು 750 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 100 ಮತ್ತು 25, ಒಟ್ಟು 125. ಸ್ಟ್ಯಾಂಪ್ ಡ್ಯೂಟಿ ಇದ್ದರೆ ಅದು ಬೇರೆ. ಎಷ್ಟೋ ವರ್ಷ ಬೇರೆ ಬೇರೆ ರಾಜ್ಯಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ಸಾವಿರಾರು ರೂಪಾಯಿ ತಗೊಳ್ಳುತ್ತಿದ್ದರು. 2024ರ ಜುಲೈ 30ರಂದು ಗೌರವ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾಯ್ದೆಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ತಗೊಳ್ಳುವಂತಿಲ್ಲ ಅಂತ ಹೇಳಿತು. ಬಡ ಮನೆಯಿಂದ ಬಂದವರಿಗೆ ಇದು ಬಾಗಿಲಲ್ಲೇ ತಡೆ ಆಗುತ್ತದೆ ಅನ್ನುವುದನ್ನೂ ಕೋರ್ಟು ಗಮನಿಸಿತು. ಆಮೇಲೆ ನಮ್ಮ ರಾಜ್ಯದಿಂದಲೇ ಹೋದ ಒಂದು ಅರ್ಜಿಯಲ್ಲಿ, 2025ರ ಆಗಸ್ಟ್‌ನಲ್ಲಿ, ‘ಐಚ್ಛಿಕ’ ಅಂತ ಹೆಸರಿಟ್ಟೂ ತಗೊಳ್ಳುವಂತಿಲ್ಲ ಅಂತ ಇನ್ನೂ ಸ್ಪಷ್ಟ ಮಾಡಿತು. ನಿಮ್ಮ ಅಪ್ಪನ ಬೆವರಿನ ದುಡ್ಡು ಮನೆಯಲ್ಲೇ ಇರಲಿ. ಈ ಶುಲ್ಕ ಬಿಟ್ಟರೆ ಖರ್ಚು ಬೀಳುವುದು ಝೆರಾಕ್ಸ್, ನೋಟರಿ, ಕೋಟು ಹಾಕಿಕೊಂಡ ಫೋಟೊ, ಬೆಂಗಳೂರಿಗೆ ಹೋಗಿ ಬರುವುದು, ಇಷ್ಟಕ್ಕೇ. ಫಾರ್ಮು ತುಂಬೋಕೆ ಮಧ್ಯವರ್ತಿ ಬೇಕಿಲ್ಲ. ಐದು ವರ್ಷ ಕಾನೂನು ಓದಿದ ನಿಮಗೆ ಬರದ್ದು ಅದರಲ್ಲಿ ಏನೂ ಇಲ್ಲ. ಕಟ್ಟಿದ ದುಡ್ಡಿಗೆಲ್ಲ ರಸೀದಿ ಮಾತ್ರ ಬಿಡಬೇಡಿ.

ಪ್ರಶ್ನೆ: ನಾನು ಪಿಯುಸಿವರೆಗೂ ಕನ್ನಡ ಮಾಧ್ಯಮ. ಎಐಬಿಇ (ವಕೀಲಿಕೆಗೆ ಪಾಸಾಗಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆ) ಅಂದರೆ ಎದೆ ಹೊಡೆದುಕೊಳ್ಳುತ್ತೆ. ಪಾಸಾಗದಿದ್ದರೆ ಓದಿದ್ದೆಲ್ಲ ದಂಡ ಅಲ್ವಾ? ಯಾವಾಗ ಬರೆಯಬೇಕು, ಹೇಗೆ ಓದಬೇಕು?
(ಓದುಗಿ, ಹಾನಗಲ್)

ಉತ್ತರ: ದಂಡ ಯಾಕಾಗುತ್ತೆ? ಎಷ್ಟು ಸಲ ಬೇಕಾದರೂ ಬರೆಯಬಹುದು. ಮೊದಲ ಸಲಕ್ಕೇ ಆಗಲಿ ಅನ್ನುವುದು ನನ್ನ ಆಸೆಯೂ ಹೌದು, ಹಾಗಾಗಿ ಗಮನ ಇಟ್ಟು ಓದಿ.

ನೂರು ಪ್ರಶ್ನೆ, ನೂರು ಅಂಕ, ಎಲ್ಲಾ ಉತ್ತರ ಆರಿಸುವಂಥವು. ತಪ್ಪಾದರೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಸಾಮಾನ್ಯ ಮತ್ತು ಹಿಂದುಳಿದ ವರ್ಗದವರಿಗೆ 45, ಪರಿಶಿಷ್ಟ ಜಾತಿ, ಪಂಗಡದವರಿಗೆ 40 ಬಂದರೆ ಪಾಸು. ಈಗ ಲೆಕ್ಕ ನೋಡಿ. ಸಂವಿಧಾನ 10, ಸಿವಿಲ್ ಪ್ರಕ್ರಿಯಾ ಸಂಹಿತೆ 10, ನಾಗರಿಕ ಸುರಕ್ಷಾ ಸಂಹಿತೆ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದದ್ದು) 10, ನ್ಯಾಯ ಸಂಹಿತೆ (ಹಳೇ ದಂಡ ಸಂಹಿತೆ ಐಪಿಸಿ ಜಾಗಕ್ಕೆ ಬಂದದ್ದು) 8, ಸಾಕ್ಷ್ಯ ಅಧಿನಿಯಮ 8, ಕೌಟುಂಬಿಕ ಕಾನೂನು 8, ಕರಾರು ಮತ್ತು ಆಸ್ತಿ ವರ್ಗಾವಣೆ ಗುಂಪು 8. ಏಳು ವಿಷಯದಲ್ಲೇ 62 ಅಂಕ ಆಯಿತು. ಕಂಪನಿ ಕಾನೂನು, ಸೈಬರ್, ಪರಿಸರ, ಇವಕ್ಕೆಲ್ಲ ಎರಡೆರಡೇ. ನೀವು ಈ ಏಳನ್ನ ಗಟ್ಟಿ ಮಾಡಿ, ಉಳಿದವನ್ನ ಕೊನೆಯ ಹದಿನೈದು ದಿನದಲ್ಲಿ ಕಣ್ಣಾಡಿಸಿದರೆ ಸಾಕು.

ಪರೀಕ್ಷೆಗೆ ಬೇರ್ ಆಕ್ಟ್ (ಕಾನೂನಿನ ಮೂಲಪಾಠ ಮಾತ್ರ ಇರುವ ಪುಸ್ತಕ) ಒಯ್ಯಬಹುದು, ಆದರೆ ಅದರಲ್ಲಿ ಟಿಪ್ಪಣಿ ಇರಬಾರದು. ವರ್ಷವಿಡೀ ಪೆನ್ಸಿಲ್‌ನಲ್ಲಿ ಗೀಚಿದ ಪುಸ್ತಕ ಒಯ್ದು ಬಾಗಿಲಲ್ಲಿ ಕಸಿದುಕೊಂಡರು ಅಂತ ಅತ್ತವರನ್ನ ನೋಡಿದ್ದೇನೆ. ಓದೋಕೆ ಒಂದು, ಪರೀಕ್ಷೆಗೆ ಶುದ್ಧವಾದ ಇನ್ನೊಂದು ಇರಲಿ. ಆಕ್ಟ್ ಕೈಯಲ್ಲಿದ್ದರೂ ಹುಡುಕೋಕೆ ಬರದಿದ್ದರೆ ಸುಮ್ನೆ ಭಾರ. ದಿನಾ ಹತ್ತು ಪ್ರಶ್ನೆ ಇಟ್ಟುಕೊಂಡು, ಪರಿವಿಡಿಯಿಂದ ಸೆಕ್ಷನ್‌ಗೆ ಎಷ್ಟು ಹೊತ್ತಿನಲ್ಲಿ ಹೋಗ್ತೀನಿ ಅಂತ ಗಡಿಯಾರ ನೋಡಿ ಅಭ್ಯಾಸ ಮಾಡಿ. ನನ್ನ ಜೂನಿಯರ್ ಹುಡುಗಿ ಹಾಗೆ ಮಾಡಿದಳು, ಮೊದಲು ಒಂದೊಂದಕ್ಕೂ ನಾಲ್ಕು ನಿಮಿಷ ಹಿಡಿಯುತ್ತಿತ್ತು, ತಿಂಗಳಲ್ಲಿ ಅರ್ಧ ನಿಮಿಷಕ್ಕೆ ಬಂತು.

ಹಳೇ ಪುಸ್ತಕದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತೆ ಅಂತ ಹಳೇ ಆಕ್ಟ್ ತರಬೇಡಿ. 2024ರ ಜುಲೈ 1ರಿಂದ ಮೂರು ಹೊಸ ಕಾನೂನು ಬಂದಿವೆ. ಕೊಲೆಗೆ 302 ಇದ್ದದ್ದು ಈಗ ನ್ಯಾಯ ಸಂಹಿತೆಯ 103. ವಂಚನೆಯ 420 ಈಗ 318. ನಿರೀಕ್ಷಣಾ ಜಾಮೀನಿನ 438 ಈಗ ಸುರಕ್ಷಾ ಸಂಹಿತೆಯ 482. ಆ ತಾರೀಖಿಗಿಂತ ಮುಂಚೆ ನಡೆದ ಅಪರಾಧಕ್ಕೆ ಹಳೇ ದಂಡ ಸಂಹಿತೆಯೇ ಅನ್ವಯ. ಆದ್ದರಿಂದ ಕೋರ್ಟಿನಲ್ಲಿ ಇನ್ನೂ ಎಷ್ಟೋ ವರ್ಷ ಎರಡೂ ಬೇಕು. ಎರಡು ಕಾಲಂ ಹಾಕಿ ಹಳೇದು, ಹೊಸದು ನೀವೇ ಕೈಯಾರೆ ಬರೆದುಕೊಳ್ಳಿ.

ಹಿಂದೆಲ್ಲ ಸನದು ತಗೊಂಡ ಮೇಲೆ ಮಾತ್ರ ಈ ಪರೀಕ್ಷೆ ಬರೆಯಬೇಕಿತ್ತು. ಈಗ ಕೊನೆಯ ಸೆಮಿಸ್ಟರ್‌ನಲ್ಲಿ ಇರುವವರಿಗೂ ಅವಕಾಶ ಇದೆ, ಎಲ್‌ಎಲ್‌ಬಿ ಪಾಸಾಗುವುದು ಮಾತ್ರ ಕಡ್ಡಾಯ. ಸನದು ತಗೊಂಡು ಆಮೇಲೆ ಬರೆಯುವವರಿಗೆ ಎರಡು ವರ್ಷದ ಗಡುವು. ಎರಡು ವರ್ಷ ಅಂದರೆ ಬಹಳ ಅನ್ನಿಸುತ್ತೆ, ಆದರೆ 19ನೇ ಪರೀಕ್ಷೆ ನಡೆದದ್ದು 2024ರ ಡಿಸೆಂಬರ್ 22ಕ್ಕೆ, 20ನೆಯದು 2025ರ ನವೆಂಬರ್ 30ಕ್ಕೆ. ಮಧ್ಯೆ ಹೆಚ್ಚುಕಡಿಮೆ ಒಂದು ವರ್ಷ. ಹಾಗಾದಾಗ ಒಂದು ಅರ್ಜಿ ತಪ್ಪಿದರೆ ಗಡುವಿನ ಅರ್ಧವೇ ಹೋಗಬಹುದು. ಗೆಳೆಯರು ವಾಟ್ಸಾಪ್‌ನಲ್ಲಿ ಹಾಕ್ತಾರೆ ಅಂತ ಕಾಯಬೇಡಿ, ಸೋಮವಾರಕ್ಕೊಮ್ಮೆ ಭಾರತೀಯ ವಕೀಲರ ಪರಿಷತ್ತಿನ ವೆಬ್‌ಸೈಟ್ ನೀವೇ ತೆಗೆದು ನೋಡಿ.

ಪ್ರಶ್ನೆ: ಹುಬ್ಬಳ್ಳಿಯ ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡ್ತೀನಿ, ಪೂರ್ತಿ ದಿನದ ಕೆಲಸ. ಸನದು ತಗೊಂಡು ಶನಿವಾರ ಕೋರ್ಟಿಗೆ ಹೋದರೆ ಆಗುತ್ತಾ?
(ಓದುಗ, ಹಳೇ ಹುಬ್ಬಳ್ಳಿ)

ಉತ್ತರ: ಆಗಲ್ಲ. ಪೂರ್ಣಾವಧಿ ಸಂಬಳದ ನೌಕರಿಯಲ್ಲಿ ಇರುವವರು ವಕೀಲಿಕೆ ಮಾಡುವಂತಿಲ್ಲ, ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮ ಇದು. ನೌಕರಿ ಮುಚ್ಚಿಟ್ಟು ಸನದು ತಗೊಂಡರೆ ಮುಂದೆ ಸನದೇ ಹೋಗಬಹುದು. ಆರು ತಿಂಗಳ ಮನೆ ಖರ್ಚು ಕೂಡಿಟ್ಟುಕೊಂಡು ಆಮೇಲೆ ರಾಜೀನಾಮೆ ಕೊಡಿ. ಶುರುವಿನಲ್ಲಿ ನಮ್ಮ ಕೆಲಸದಲ್ಲಿ ದುಡ್ಡು ಬರುವುದು ಬಹಳ ನಿಧಾನ.

ಪ್ರಶ್ನೆ: ಸೈನ್ಯದಿಂದ ನಿವೃತ್ತನಾಗಿ ಎಲ್‌ಎಲ್‌ಬಿ ಮಾಡಿದೆ. ಈಗ 49. ವಯಸ್ಸಾಯಿತು, ಸನದು ಸಿಗಲ್ಲ ಅಂತಾರೆ.
(ಮಾಜಿ ಸೈನಿಕ, ಸವಣೂರು)

ಉತ್ತರ: ಸಿಗುತ್ತೆ ಸರ್. 45 ದಾಟಿದವರಿಗೆ ಇಲ್ಲ ಅನ್ನುವ ನಿಯಮ ಒಂದು ಕಾಲಕ್ಕೆ ಇತ್ತು. 1995ರಲ್ಲೇ ಸುಪ್ರೀಂ ಕೋರ್ಟ್ ಅದನ್ನ ತೆಗೆದುಹಾಕಿದೆ. ಅರ್ಜಿ ಹಾಕಿ.

ಪ್ರಶ್ನೆ: ಅಕ್ಕಾವ್ರೇ, ಕೊನೆಯ ಪರೀಕ್ಷೆ ಮುಗಿಯಿತು, ರಿಸಲ್ಟ್ ಬಂದಿಲ್ಲ. ಅಪ್ಪ ರೈತರು, ಕೋರ್ಟಿನಲ್ಲಿ ನಮಗೆ ಯಾರೂ ಗೊತ್ತಿಲ್ಲ. ಸೀನಿಯರ್ ಹತ್ತಿರ ಹೋಗಿ ಏನಂತ ಕೇಳಲಿ?
(ಓದುಗಿ, ನವಲಗುಂದ)

ಉತ್ತರ: ನನಗೂ ಯಾರೂ ಗೊತ್ತಿರಲಿಲ್ಲ ತಂಗಿ.

ಮೊದಲು ಇಂಟರ್ನ್‌ಶಿಪ್ ಡೈರಿ ತೆಗೆದು ನೋಡಿ. ಮೂರು ವರ್ಷದ ಕೋರ್ಸಿಗೆ 12 ವಾರ, ಐದು ವರ್ಷದ್ದಕ್ಕೆ 20 ವಾರ ಆಗಿರಬೇಕು. ಎಲ್ಲಾ ಕಡೆ ಸಹಿ, ಸೀಲು ಇದೆಯಾ? ಇಲ್ಲದಿದ್ದರೆ ಆ ವಕೀಲರು ಸಿಗುವಾಗಲೇ ಹಾಕಿಸಿಕೊಳ್ಳಿ.

ಇನ್ನು ಸೀನಿಯರ್ ವಿಷಯ. ಧಾರವಾಡದಲ್ಲಿ ಹೈಕೋರ್ಟ್ ಪೀಠ ಇದೆ, 2008ರಲ್ಲಿ ಸಂಚಾರಿ ಪೀಠ ಆಗಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. ಅದನ್ನ ನೋಡಿ ಎಲ್ಲರೂ ಅಲ್ಲಿಗೇ ಓಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲ ಎರಡು ವರ್ಷ ತಾಲೂಕು ಕೋರ್ಟೇ ಚೆನ್ನ. ಸಾಕ್ಷಿ ವಿಚಾರಣೆ, ಪಾಟೀಸವಾಲು ಕಣ್ಣಾರೆ ನೋಡುವುದು ಅಲ್ಲಿಯೇ. ಯಾರನ್ನ ಕೇಳಬೇಕು ಅಂತ ಮನೆಯಲ್ಲಿ ಕೂತು ಯೋಚಿಸಬೇಡಿ. ಕೋರ್ಟು ಎಲ್ಲರಿಗೂ ತೆರೆದಿರುತ್ತೆ, ಒಳಗೆ ಹೋಗಿ ಕೂರಲು ಸನದು ಬೇಕಿಲ್ಲ. ಒಂದು ವಾರ ದಿನಾ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಯಾರು ಫೈಲು ಓದಿಕೊಂಡು ಬರುತ್ತಾರೆ, ಯಾರು ಕಕ್ಷಿದಾರರ ಜೊತೆ ಸಮಾಧಾನದಿಂದ ಮಾತಾಡುತ್ತಾರೆ, ಯಾರ ಜೂನಿಯರ್ ಕೈಯಲ್ಲಿ ಬರೀ ಬ್ಯಾಗ್ ಇರದೆ ಕೇಸೂ ಇದೆ, ಇಷ್ಟು ನೋಡಿದರೆ ನಿಮಗೇ ತಿಳಿಯುತ್ತೆ. ಸಂಜೆ ಅವರ ಆಫೀಸಿಗೆ ಹೋಗಿ, ‘ರಿಸಲ್ಟ್ ಬರೋವರೆಗೂ ಬಂದು ಫೈಲು ಓದ್ತೀನಿ, ಟೈಪಿಂಗ್ ಮಾಡ್ತೀನಿ’ ಅನ್ನಿ. ಅಷ್ಟೇ ಸಾಕು. ಸನದು ಬರುವವರೆಗೆ ಕೊರಳಿಗೆ ವಕೀಲರ ಬಿಳಿ ಬ್ಯಾಂಡು ಕಟ್ಟಬೇಡಿ, ವಕಾಲತ್ತಿಗೆ ಸಹಿ ಹಾಕಬೇಡಿ, ಯಾರು ಹೇಳಿದರೂ.

ಮಹಿಳಾ ವಕೀಲರೊಬ್ಬರು ಸಿಕ್ಕರೆ ಮೊದಲು ಅವರನ್ನೇ ಕೇಳಿ. ಒಂದು ವಾರ ನೋಡಿದ ಮೇಲೆ ಯಾರನ್ನ ಆರಿಸಿದಿರಿ, ಏನಂದರು ಅಂತ ಬರೆಯಿರಿ, ನಾನು ಕಾಯುತ್ತಿರುತ್ತೇನೆ.