ಟಾಯ್ ಸ್ಟೋರಿಗೆ ಮುಂಚೆ ಪಿಕ್ಸಾರ್ ಬದುಕಿದ್ದು ಹೇಗೆ?

1986ರಲ್ಲಿ ಶುರುವಾದ, ಇವತ್ತು ಆನಿಮೇಷನ್ ಸಿನಿಮಾಗಳಿಗೆ ಹೆಸರಾದ ಪಿಕ್ಸಾರ್, 1995ರವರೆಗೆ ಒಂದೂ ಪೂರ್ಣಪ್ರಮಾಣದ ಸಿನಿಮಾ ಇಲ್ಲದೆ ಹೇಗೆ ಉಳಿಯಿತು ಅಂತ ಕೇಳಿದ್ದೀರಿ. ಮುಖ್ಯವಾಗಿ ಸ್ಟೀವ್ ಜಾಬ್ಸ್ ಜೇಬಿನಿಂದ. ಅವರು 'ಸ್ಟಾರ್ ವಾರ್ಸ್' ನಿರ್ದೇಶಕ ಜಾರ್ಜ್ ಲೂಕಸ್ ಅವರ ಕಂಪನಿಯ ಕಂಪ್ಯೂಟರ್ ವಿಭಾಗವನ್ನು (ಅದೇ ಪಿಕ್ಸಾರ್ ಆಯಿತು) 50 ಲಕ್ಷ ಡಾಲರ್‌ಗೆ ಕೊಂಡು, ಅಷ್ಟೇ ಹಣವನ್ನು ಬಂಡವಾಳವಾಗಿ ಹಾಕಿದರು. ಆಮೇಲೂ ಸುರಿಯುತ್ತಲೇ ಇದ್ದರು.

ಆಗ ಅದು ಚಿತ್ರಗಳನ್ನು ಸಂಸ್ಕರಿಸುವ ದುಬಾರಿ ಕಂಪ್ಯೂಟರ್ ಮಾರುವ ಕಂಪನಿ. ಗಿರಾಕಿಗಳು ಆಸ್ಪತ್ರೆಗಳು, ಸರ್ಕಾರಿ ಸಂಸ್ಥೆಗಳು. ವ್ಯಾಪಾರ ಕುದುರಲಿಲ್ಲ. ಕಂಪ್ಯೂಟರ್‌ನಲ್ಲಿ ಚಿತ್ರಗಳನ್ನು ಮೂಡಿಸುವ ರೆಂಡರ್‌ಮ್ಯಾನ್ ತಂತ್ರಾಂಶ, ಟೀವಿ ಜಾಹೀರಾತುಗಳಿಂದ ಒಂದಿಷ್ಟು ದುಡ್ಡು ಬಂತು.

ಆದರೆ ಕಂಪನಿಯ ಜೀವ ಇದ್ದದ್ದು ಕಿರುಚಿತ್ರಗಳಲ್ಲಿ. 1986ರ 'ಲಕ್ಸೋ ಜೂನಿಯರ್' ದಯವಿಟ್ಟು ನೋಡಿ, ಎರಡೇ ನಿಮಿಷ. ಮೇಜಿನ ಮೇಲಿಡುವ ಒಂದು ಮರಿ ವಿದ್ಯುತ್ ದೀಪ ಚೆಂಡಿನ ಮೇಲೆ ಕುಣಿದು ಅದರ ಗಾಳಿ ತೆಗೆದು, ತಲೆ ತಗ್ಗಿಸಿ ನಿಲ್ಲುತ್ತದೆ. ಕಣ್ಣಿಲ್ಲ, ಬಾಯಿಲ್ಲ, ಆದರೂ ಮಗು ಅಂತ ತಿಳಿಯುತ್ತದೆ! ನಿರ್ದೇಶಕ ಜಾನ್ ಲ್ಯಾಸೆಟರ್ ದೊಡ್ಡ ದೀಪವನ್ನು ಬರೀ ಕುಗ್ಗಿಸಲಿಲ್ಲ. ಕಡ್ಡಿಗಳನ್ನು ಮೋಟು ಮಾಡಿ, ಬಲ್ಬನ್ನು ಮಾತ್ರ ದೊಡ್ಡ ದೀಪದ ಅಳತೆಯಲ್ಲೇ ಬಿಟ್ಟರು. ಬಲ್ಬು ಅಂಗಡಿಯಿಂದ ಬರುವ ವಸ್ತು, ಅದು ಬೆಳೆಯುವುದಿಲ್ಲವಲ್ಲ. ನನ್ನ ಮಟ್ಟಿಗೆ ಪಿಕ್ಸಾರ್ ಗೆದ್ದದ್ದು ಇಂಥ ಯೋಚನೆಯಿಂದ.

'ಟಿನ್ ಟಾಯ್' ಎಂಬ ಇನ್ನೊಂದು ಕಿರುಚಿತ್ರ ಆಸ್ಕರ್ ಗೆದ್ದಿತು, 1991ರಲ್ಲಿ ಸಿನಿಮಾ ಮಾಡಲು ಡಿಸ್ನಿ ಜೊತೆ ಒಪ್ಪಂದವಾಯಿತು. 1995ರ ನವೆಂಬರ್ 22ಕ್ಕೆ 'ಟಾಯ್ ಸ್ಟೋರಿ' ತೆರೆಕಂಡಿತು. ಒಂದೇ ವಾರದಲ್ಲಿ 22 ಡಾಲರ್‌ಗೊಂದರಂತೆ ಪಿಕ್ಸಾರ್ ಷೇರು ಮಾರುಕಟ್ಟೆಗೆ ಬಂತು. 2006ರಲ್ಲಿ ಡಿಸ್ನಿ ಇದೇ ಕಂಪನಿಗೆ ಕೊಟ್ಟ ಬೆಲೆ ಸುಮಾರು 740 ಕೋಟಿ ಡಾಲರ್.