ರೇಶಿಯೋ ಟೆಸ್ಟಾ, ರೂಟ್ ಟೆಸ್ಟಾ?

ಪವರ್ ಸೀರೀಸ್ ಅಂದರೆ ಎಕ್ಸ್‌ನ ಘಾತಗಳ ಮುಗಿಯದ ಮೊತ್ತ. ಎಕ್ಸ್‌ನ ಯಾವ ಬೆಲೆಗಳಿಗೆ ಅದು ಕನ್ವರ್ಜ್ (ಒಂದು ಸಂಖ್ಯೆಗೆ ಬಂದು ನಿಲ್ಲುವುದು), ಎಲ್ಲಿ ಡೈವರ್ಜ್ (ನಿಲ್ಲದೆ ಹೋಗುವುದು) ಅನ್ನುವ ಇಂಟರ್ವಲ್ ಬೇಗ ಹುಡುಕಲಿಕ್ಕೆ ಎರಡರಲ್ಲಿ ಯಾವ ಟೆಸ್ಟ್ ಒಳ್ಳೇದು ಅಂತ ಕೇಳಿದ್ದೀರಿ. ರೇಶಿಯೋ ಟೆಸ್ಟ್ ಒಂದು ಪದವನ್ನು ಹಿಂದಿನ ಪದದಿಂದ ಭಾಗಿಸ್ತದೆ, ರೂಟ್ ಟೆಸ್ಟ್ ಎನ್‌ನೇ ಪದದ ಎನ್‌ನೇ ಮೂಲ ತೆಗೀತದೆ; ಎರಡರಲ್ಲೂ ಚಿಹ್ನೆ ಬಿಟ್ಟು ಲಿಮಿಟ್ ನೋಡಿ, 1ಕ್ಕಿಂತ ಕಡಿಮೆಯಾದರೆ ಕನ್ವರ್ಜ್, ಹೆಚ್ಚಾದರೆ ಡೈವರ್ಜ್. ಇದೇ ಪ್ರಶ್ನೆ ಹಿಡ್ಕೊಂಡು ನಾನು ಬಿಎಸ್ಸಿಯ ಇಡೀ ಒಂದು ಸೆಮಿಸ್ಟರ್ ಹಾಳು ಮಾಡಿದವ. ಉಡುಪಿಯಿಂದ ಮಂಗಳೂರಿಗೆ ದಿನಾ ಎಕ್ಸ್‌ಪ್ರೆಸ್ ಬಸ್ಸು. ಪಡುಬಿದ್ರಿ ದಾಟುವಾಗ ಒಂದು ಲೆಕ್ಕ, ಸುರತ್ಕಲ್ ಬರುವಾಗ ಇನ್ನೊಂದು. ರೇಡಿಯಸ್ (ಇಂಟರ್ವಲ್‌ನ ನಡುವಿನಿಂದ ತುದಿಗಿರುವ ದೂರ) ತೆಗೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಅಂತ ಕೊಬ್ಬು ಬೇರೆ.

ಪರೀಕ್ಷೆಗೆ ಬಂದದ್ದು ಇಷ್ಟೇ: ಎನ್‌ನೇ ಪದದಲ್ಲಿ ಮೇಲೆ (ಎಕ್ಸ್ - 3)ರ ಎನ್‌ನೇ ಘಾತ, ಕೆಳಗೆ ಎನ್ ಗುಣಿಸು 2ರ ಎನ್‌ನೇ ಘಾತ. ನಡು 3, ರೇಡಿಯಸ್ 2, ಅಂದರೆ 1ರಿಂದ 5. ಎರಡು ನಿಮಿಷದ ಕೆಲಸ. ತುದಿ ನೋಡಬೇಕು ಅಂತ ಮರೆತಿರಲಿಲ್ಲ, ಅದೇ ಹೊಟ್ಟೆ ಉರಿಯುವುದು. 5 ಹಾಕಿ ಪುನಃ ರೇಶಿಯೋ ಟೆಸ್ಟನ್ನೇ ಓಡಿಸಿದೆ. ಅನುಪಾತ ಎನ್ ಭಾಗಿಸು ಎನ್ + 1 ಬಂತು. ಯಾವಾಗಲೂ 1ಕ್ಕಿಂತ ಕಡಿಮೆ ಅಲ್ವಾ, ಕನ್ವರ್ಜ್ ಅಂತ ಬರೆದೆ. 1 ಹಾಕಿದಾಗಲೂ ಅದೇ. ಎರಡೂ ಕಡೆ ಚೌಕ ಬ್ರಾಕೆಟ್ (ತುದಿಯೂ ಸೇರಿದೆ ಅಂತ) ಹಾಕಿ ಪೇಪರ್ ಕೊಟ್ಟು ಎದ್ದು ಬಂದೆ. ಅರ್ಧ ಮಾರ್ಕು ಹೋಯ್ತು.

99/100, 999/1000 ಎಲ್ಲ 1ಕ್ಕಿಂತ ಕಡಿಮೆಯೇ, ಆದರೆ ಟೆಸ್ಟ್ ಕೇಳುವುದು ಲಿಮಿಟನ್ನು. ಆ ಲಿಮಿಟ್ 1. ಬೇರೆ ಎಂತ ಬರ್ತದೆ ಮಾರಾಯ್ರೆ? ಲಿಮಿಟ್ 1 ಆಗುವುದೆಲ್ಲಿ ಅಂತ ನೋಡಿಯೇ ಆ ತುದಿ ಹುಡುಕಿದ್ದು! ಅದನ್ನೇ ಪುನಃ ಕೇಳಿದರೆ ಅದು ಹೊಸತಾಗಿ ಏನೂ ಹೇಳುವುದಿಲ್ಲ. 5ರಲ್ಲಿ 2ರ ಘಾತ ಮೇಲೆ ಕೆಳಗೆ ಹೊಡೆದು ಹೋಗಿ 1 + 1/2 + 1/3 + 1/4... ಉಳೀತದೆ. 1/3, 1/4 ಸೇರಿದರೆ ಅರ್ಧ ದಾಟಿತು. ಮುಂದಿನ ನಾಲ್ಕು ಪದಕ್ಕೆ ಇನ್ನೊಂದು ಅರ್ಧ, ಅದರ ಮುಂದಿನ ಎಂಟಕ್ಕೆ ಮತ್ತೊಂದು. ಅರ್ಧಗಳು ಮುಗಿಯುವುದೇ ಇಲ್ಲ, ಡೈವರ್ಜ್. 1ರಲ್ಲಿ ಅದೇ ಪದಗಳಿಗೆ ಪ್ಲಸ್ ಮೈನಸ್ ಬದಲಾಗ್ತಾ ಹೋಗ್ತದೆ, ಪದಗಳು ಕುಗ್ಗುತ್ತಾ ಸೊನ್ನೆಗೆ ಹೋಗುವುದರಿಂದ ಲೈಬ್ನಿಟ್ಸ್ ಟೆಸ್ಟ್ ಪ್ರಕಾರ ಕನ್ವರ್ಜ್. ಉತ್ತರ: 1 ಸೇರಿ, 5 ಬಿಟ್ಟು.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ಫ್ಯಾಕ್ಟೋರಿಯಲ್ ಕಂಡರೆ ರೇಶಿಯೋ, ಇಡೀ ಪದವೇ ಎನ್‌ನೇ ಘಾತದಲ್ಲಿದ್ದರೆ ರೂಟ್, ಮುಗೀತು. ರೇಶಿಯೋದಲ್ಲಿ ಲಿಮಿಟ್ ಸಿಕ್ಕಿದರೆ ರೂಟ್‌ನಲ್ಲಿಯೂ ಅದೇ ಸಂಖ್ಯೆ. ತುದಿಯಲ್ಲಿ ಎರಡೂ ಮೂಗ. ತುದಿ ಅಂದರೆ ಬರೀ ಬಾಲ ಅಂತಲೂ ತಿಳೀಬೇಡಿ: ನಮ್ಮ ಪಕ್ಕದ ಕೇರಳದ ಗಣಿತಜ್ಞ ಮಾಧವನ 1 - 1/3 + 1/5..., ಅಂದರೆ ಪೈ ಭಾಗಿಸು 4, ಆರ್ಕ್‌ಟ್ಯಾನ್ (ಟ್ಯಾನ್‌ನ ವಿಲೋಮ) ಸೀರೀಸ್‌ನ ತುದಿಯಲ್ಲಿಯೇ ಸಿಗುವಂಥದ್ದು.

ಇವತ್ತು ಮೂರು ಲೆಕ್ಕ ಮಾಡಿ. ಮೇಲೆ ಎಕ್ಸ್‌ನ ಎನ್‌ನೇ ಘಾತ. ಕೆಳಗೆ ಒಮ್ಮೆ ಏನೂ ಬೇಡ, ಒಮ್ಮೆ ಎನ್, ಒಮ್ಮೆ ಎನ್ ವರ್ಗ. ಮೂರಕ್ಕೂ ರೇಡಿಯಸ್ 1. ಮೊದಲನೆಯದರಲ್ಲಿ ಎರಡು ತುದಿಯೂ ಹೊರಗೆ, ಕೊನೆಯದರಲ್ಲಿ ಎರಡೂ ಒಳಗೆ. ನಡುವಿನದ್ದು ನನ್ನ ಮಾರ್ಕು ತಿಂದದ್ದೇ.