ದಿನಾ ನೀರು ಹಾಕಿದರೂ ದಾಸವಾಳ ಬಾಡುತ್ತಿದೆ: ಬಿಸಿಲಾ, ಬೇರು ಕೊಳೆನಾ?

ರಾಯಚೂರಿನಲ್ಲಿ ತಾರಸಿ ಮೇಲೆ ಕುಂಡದಲ್ಲಿಟ್ಟ ದಾಸವಾಳ ಎರಡು ಹೊತ್ತು ನೀರು ಹಾಕಿದರೂ ಬಾಡುತ್ತಿದೆ, ಎಲೆ ಹಳದಿಯಾಗಿ ಉದುರುತ್ತಿದೆ, ಇದು ಬಿಸಿಲಿನ ಹೊಡೆತವೋ ಬೇರು ಕೊಳೆಯೋ ಎಂದು ಕೇಳಿದ್ದೀರಿ. ನಾನು ಕೊಪ್ಪಳದವನು, ಇಲ್ಲಿಯ ಬಿಸಿಲೂ ನಿಮ್ಮಂಥದ್ದೇ. ನೀವು ಹೇಳಿದ್ದು ನೋಡಿದರೆ ನನಗೆ ಬೇರಿನ ಮೇಲೇ ಅನುಮಾನ.

ಖಾತ್ರಿ ಮಾಡಿಕೊಳ್ಳಲು ಬೆಳಿಗ್ಗೆ, ನೀರು ಹಾಕುವ ಮುಂಚೆ ಗಿಡ ನೋಡಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಎಲೆ ಜೋಲು ಬೀಳುವುದು ಸಹಜ. ಬೇರು ಚೆನ್ನಾಗಿದ್ದರೆ ಹೊತ್ತು ಇಳಿದ ಮೇಲೆ ತಾನೇ ಸರಿಹೋಗುತ್ತದೆ. ಬೆಳಗಿನ ತಂಪಿನಲ್ಲೂ ಜೋಲುತ್ತಿದ್ದರೆ ಮಣ್ಣಿಗೆ ಬೆರಳು ಹಾಕಿ. ಒಳಗೆ ಒಣಗಿದ್ದರೆ ನೀರು ಸಾಲುತ್ತಿಲ್ಲ, ಅಷ್ಟೇ. ಒಳಗೆ ಹಸಿ ಇದ್ದೂ ಗಿಡ ಬಾಡಿದೆ ಎಂದರೆ ಬೇರು ನೀರು ಎಳೆಯುತ್ತಿಲ್ಲ. ಮೇಲ್ಮಣ್ಣು ನೋಡಿ ಮೋಸ ಹೋಗಬೇಡಿ. ನಮ್ಮ ಬಿಸಿಲಿಗೆ ಮೇಲೆ ಬೇಗ ಒಣಗುತ್ತದೆ, ಕೆಳಗೆ ಕೆಸರೇ ಇರುತ್ತದೆ. ಅದನ್ನು ನೋಡಿಯೇ ಮತ್ತೊಂದು ಚೊಂಬು ಸುರಿಯೋದು, ಅಲ್ವಾ?

ಹಳದಿ ಎಲೆಯೊಂದನ್ನೇ ನಂಬಬೇಡಿ. ಗೊಬ್ಬರ ಕಡಿಮೆಯಾದರೂ ಹಳದಿಯಾಗುತ್ತದೆ. ಬೋರಿನ ಉಪ್ಪು ನೀರಾದರೆ ಎಲೆಯ ಅಂಚು ಸುಟ್ಟಂತಾಗಿ ಮಣ್ಣಿನ ಮೇಲೆ ಬಿಳಿ ಪುಡಿ ಕಾಣುತ್ತದೆ.

ಸುಮ್ನೆ ಊಹೆ ಮಾಡುವ ಬದಲು ಕುಂಡ ಓರೆ ಮಾಡಿ, ಗಿಡವನ್ನು ಮಣ್ಣಿನ ಸಮೇತ ಹೊರಗೆ ತೆಗೆಯಿರಿ. ಎಳೆ ಬೇರು ನೋಡಿ. ದಪ್ಪ ಬೇರು ಹೇಗೂ ಕಂದು ಬಣ್ಣದ್ದೇ, ಅದರಿಂದ ತಿಳಿಯುವುದಿಲ್ಲ. ಒಳ್ಳೆಯ ಎಳೆ ಬೇರು ಬೆಳ್ಳಗೆ, ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಪ್ಪಾಗಿ, ಮೆತ್ತಗಾಗಿ ಚರಂಡಿ ವಾಸನೆ ಹೊಡೆಯುತ್ತದೆ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಮೇಲಿನ ಸಿಪ್ಪೆ ಕಳಚಿಕೊಂಡು ಒಳಗಿನ ದಾರ ಮಾತ್ರ ಉಳಿದರೆ ಬೇರೆ ಸಾಕ್ಷಿ ಬೇಡ. ಬೇರಿನಲ್ಲಿ ಗಂಟು ಗಂಟು ಕಂಡರೆ ಅದು ಜಂತುಹುಳು, ಅದರ ಮದ್ದೇ ಬೇರೆ. ಕಾಂಡದ ಬುಡದಲ್ಲಿ ಬಿಳಿ ನೂಲಿನಂಥ ಬೂಷ್ಟು, ಅದರಲ್ಲಿ ಸಾಸಿವೆ ಕಾಳಿನಷ್ಟು ಗುಂಡು ಕಂಡರೆ ಬುಡ ಕೊಳೆ.

ನೀರು ನಿಂತಾಗ ಮಣ್ಣಿನ ಸಂದಿಯಲ್ಲಿ ಗಾಳಿ ಇರುವುದಿಲ್ಲ. ಬೇರು ಉಸಿರು ಕಟ್ಟಿ ಸೊರಗುತ್ತದೆ. ಆಮೇಲೆ ಪಿಥಿಯಂ, ಫೈಟಾಫ್ತೊರಾದಂಥ ರೋಗಾಣುಗಳು ಮುತ್ತುತ್ತವೆ. ಹೊಲದಲ್ಲಿ ಬಂಗಾರದಂಥ ಎರೆ ಮಣ್ಣು ಕುಂಡಕ್ಕೆ ಮಾತ್ರ ಬೇಡವೇ ಬೇಡ. ಅದು ನೀರು ಹಿಡಿದುಕೊಂಡು ಬಿಡುವುದೇ ಇಲ್ಲ. ತಳಕ್ಕೆ ಕಲ್ಲು ಹಾಕಿದರೆ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ಹೋಗಲ್ಲ. ನೀರು ಕಲ್ಲಿನ ಮೇಲಿನ ಮಣ್ಣಿನಲ್ಲೇ ನಿಲ್ಲುತ್ತದೆ.

ಅರ್ಧದಷ್ಟಾದರೂ ಒಳ್ಳೆ ಬೇರು ಉಳಿದಿದ್ದರೆ ಗಿಡ ಉಳಿಸಬಹುದು. ಕೊಳೆತದ್ದನ್ನೆಲ್ಲ ಸ್ಪಿರಿಟ್‌ನಿಂದ ಒರೆಸಿದ ಕತ್ತರಿಯಲ್ಲಿ ಕತ್ತರಿಸಿ. ಮೇಲಿನ ಕೊಂಬೆಯನ್ನೂ ಸ್ವಲ್ಪ ಸವರಿ, ಉಳಿದ ಬೇರಿಗೆ ಭಾರ ಕಡಿಮೆಯಾಗಲಿ. ತಳದಲ್ಲಿ ತೂತಿರುವ, ಬೇರಿಗೆ ತಕ್ಕಷ್ಟೇ ದೊಡ್ಡ ಕುಂಡ ಸಾಕು. ಮಸಾರಿ ಮಣ್ಣು, ದಪ್ಪ ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ ನೆಡಿ. ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಕಲಸಿ ಬುಡಕ್ಕೆ ಹಾಕುವುದು ವಾಡಿಕೆ. ಅದರ ಜೊತೆಗೇ ರೋಗ ತಡೆಯಲು ಮಣ್ಣಿಗೆ ಬೆರೆಸುವ ಟ್ರೈಕೋಡರ್ಮಾ ಹಾಕಬೇಡಿ, ಅದೂ ಒಂದು ಶಿಲೀಂಧ್ರವೇ, ಸಾಯಬಹುದು. ಹೊಸ ಚಿಗುರು ಬರುವ ತನಕ ನೆರಳಲ್ಲಿಡಿ, ರಸಗೊಬ್ಬರ ಮುಟ್ಟಬೇಡಿ.

ಬೇರುಗಳೆಲ್ಲ ಕಪ್ಪಾಗಿದ್ದರೆ ಗಿಡದ ಆಸೆ ಬಿಡಿ. ಮೇಲೆ ಹಸಿರು ಕೊಂಬೆ ಇದ್ದರೆ ಕಡ್ಡಿ ಕತ್ತರಿಸಿ ನೆಡಿ, ದಾಸವಾಳ ಸುಲಭವಾಗಿ ಬೇರು ಬಿಡುತ್ತದೆ. ಹಳೆ ಮಣ್ಣನ್ನು ಬೇರೆ ಕುಂಡಕ್ಕೆ ಸುರಿಯಬೇಡಿ. ತಾರಸಿ ಮೇಲೆ ತೆಳ್ಳಗೆ ಹರವಿ, ನೀರು ಚಿಮುಕಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಬೇಸಿಗೆಯಲ್ಲಿ ಒಂದು ತಿಂಗಳು ಬಿಡಿ. ಒಳಗಿನ ಬಿಸಿಗೆ ರೋಗಾಣು ಸಾಯಬೇಕಲ್ಲ, ಈ ಕೆಲಸಕ್ಕೆ ರಾಯಚೂರಿನ ಬಿಸಿಲಿಗಿಂತ ಒಳ್ಳೆಯದು ಸಿಗಲ್ಲ.